ಫಲಾನುಸಾರ ಸಂಭಾವನೆ ಮತ್ತು ಕುಟುಂಬ ವೈದ್ಯ: ಬ್ರಿಟನ್ನಿನ ಒಂದು ಪ್ರಯೋಗದ ವಿವೇಚನೆ

೧. ಪ್ರಸ್ತಾವನೆ

ವೈದ್ಯನಿಗೆ ಸಂಭಾವನೆಯನ್ನು ಯಾವ ಲೆಕ್ಕದಲ್ಲಿ ಕೊಡಬೇಕೆಂಬುದು ಹಳೆಯ ಪ್ರಶ್ನೆ. ಮಾಡಿದ ಒಂದೊಂದು ಚಿಕಿತ್ಸೆಗೆ ಇಷ್ಟೆಂದು ಕೊಟ್ಟರೆ ಅನಗತ್ಯ ಚಿಕಿತ್ಸೆಗಳು ಹೆಚ್ಚುವ ಭಯವುಂಟು. ಅವನ ಪಟ್ಟಿಯಲ್ಲಿರುವ ಜನರ ತಲೆಯೆಣಿಕೆಯ ಮೇಲೆ ಕೊಟ್ಟರೆ ಪಟ್ಟಿ ಬೆಳೆದು ಒಬ್ಬೊಬ್ಬ ರೋಗಿಗೆ ದೊರೆಯುವ ಗಮನ ಕುಗ್ಗುವ ಭಯವುಂಟು. ತಿಂಗಳ ಸಂಬಳವನ್ನು ಗೊತ್ತುಮಾಡಿದರೆ ಉತ್ಸಾಹ ತಗ್ಗೀತೆಂಬ ಶಂಕೆಯುಂಟು. ಈ ಮೂರು ಕ್ರಮಗಳ ದೋಷಗಳನ್ನೂ ಕಂಡವರಿಗೆ ನಾಲ್ಕನೆಯದೊಂದು ಕ್ರಮ ಸಹಜವಾಗಿಯೇ ಹೊಳೆಯುತ್ತದೆ: ಕೆಲಸವು ಎಷ್ಟು ಚೆನ್ನಾಗಿ ನಡೆದಿದೆಯೆಂಬುದನ್ನು ಅಳೆದು, ಆ ಅಳತೆಗೆ ತಕ್ಕಂತೆ ಹಣ ಕೊಡುವುದು. ೨೦೦೪ರಲ್ಲಿ ಬ್ರಿಟನ್ ತನ್ನ ಕುಟುಂಬ ವೈದ್ಯರ ವಿಷಯದಲ್ಲಿ ಈ ನಾಲ್ಕನೆಯ ಕ್ರಮವನ್ನು ಬೃಹತ್ ಪ್ರಮಾಣದಲ್ಲಿ ಕೈಗೊಂಡಿತು.

ಪ್ರಸ್ತುತ ಲೇಖನದಲ್ಲಿ ಆ ಪ್ರಯೋಗದ ಪೂರ್ವೇತಿಹಾಸವನ್ನೂ, ಅದರಿಂದ ಒದಗಿದ ಫಲಗಳನ್ನೂ, ಅದನ್ನು ರೂಪಿಸಿದವರು ಎಣಿಸದಿದ್ದ ಪರಿಣಾಮಗಳನ್ನೂ ಅವಲೋಕಿಸುವುದು ನಮ್ಮ ಉದ್ದೇಶ. ನಾವು ಪ್ರತಿಪಾದಿಸುವ ಮುಖ್ಯಾಂಶ ಇಷ್ಟು: ಕೆಲಸಕ್ಕೆ ಸಾಕ್ಷಿಯಾಗಿದ್ದ ದಾಖಲೆಯು ಸಂಭಾವನೆಗೆ ಆಧಾರವಾದ ಕೂಡಲೇ ಕೆಲಸದ ಜೊತೆಗೆ ದಾಖಲೆಯ ಸ್ವಭಾವವೂ ಮಾರ್ಪಡುತ್ತದೆ, ಆ ಬಳಿಕ ಅದೇ ದಾಖಲೆಯನ್ನು ಮುಂದಿಟ್ಟುಕೊಂಡು ಯೋಜನೆಯ ಫಲವನ್ನು ನಿರ್ಣಯಿಸುವುದು ಕಠಿನವಾಗುತ್ತದೆ. ಆದುದರಿಂದ ಇದು ವೈದ್ಯಶಾಸ್ತ್ರಜ್ಞರಿಗೂ ಅರ್ಥಶಾಸ್ತ್ರಜ್ಞರಿಗೂ ಎಷ್ಟು ಸಂಬಂಧಪಟ್ಟ ವಿಷಯವೋ, ಆಧಾರಗಳ ಪರಿಶೋಧನೆಯನ್ನೇ ವೃತ್ತಿಯಾಗಿ ಉಳ್ಳ ಇತಿಹಾಸಾಭ್ಯಾಸಿಗಳಿಗೂ ಅಷ್ಟೇ ಸಂಬಂಧಪಟ್ಟದ್ದು.

೨. ಶಾಲೆಯಲ್ಲಿ ನಡೆದ ಮೊದಲ ಪ್ರಯೋಗ

ಫಲಕ್ಕೆ ತಕ್ಕಂತೆ ಹಣ ಕೊಡುವ ವಿಚಾರವನ್ನು ಇಂಗ್ಲೆಂಡು ಮೊದಲು ಪರೀಕ್ಷಿಸಿದ್ದು ವೈದ್ಯಾಲಯದಲ್ಲಲ್ಲ, ಪ್ರಾಥಮಿಕ ಶಾಲೆಯಲ್ಲಿ. ನ್ಯೂಕ್ಯಾಸಲ್ ಆಯೋಗವು ೧೮೬೧ರಲ್ಲಿ ತನ್ನ ವರದಿಯನ್ನು ಒಪ್ಪಿಸಿದ ತರುವಾಯ, ಶಿಕ್ಷಣದ ಹೊಣೆ ಹೊತ್ತಿದ್ದ ರಾಬರ್ಟ್ ಲೋ ಎಂಬ ರಾಜಕಾರಣಿಯು ೧೮೬೨ರಲ್ಲಿ ಪರಿಷ್ಕೃತ ಸಂಹಿತೆಯನ್ನು ಜಾರಿಗೆ ತಂದನು. ಅದರಂತೆ ಶಾಲೆಗೆ ದೊರೆಯುವ ಸರ್ಕಾರಿ ಅನುದಾನದ ಒಂದು ಭಾಗವು ಮಕ್ಕಳ ಹಾಜರಿಯನ್ನೂ, ಅದಕ್ಕಿಂತ ದೊಡ್ಡ ಭಾಗವು ಓದು, ಬರಹ, ಲೆಕ್ಕ ಎಂಬ ಮೂರು ವಿಷಯಗಳಲ್ಲಿ ಪ್ರತಿಯೊಂದು ಮಗುವೂ ತನಿಖಾಧಿಕಾರಿಯ ಮುಂದೆ ತೇರ್ಗಡೆಯಾಗುವುದನ್ನೂ ಅವಲಂಬಿಸಿತು. ಒಂದು ವಿಷಯದಲ್ಲಿ ಮಗು ತಪ್ಪಿದರೆ ೨ ಷಿಲಿಂಗ್ ೮ ಪೆನ್ಸ್ ಖೋತಾ.

ಪರಿಣಾಮವು ಬೇಗನೆ ಗೋಚರಿಸಿತು. ಅನುದಾನ ತರದ ಇತಿಹಾಸ, ಭೂಗೋಳಗಳು ಹಿಂದೆ ಸರಿದವು. ವರ್ಷವಿಡೀ ಒಂದೇ ವಾಚಕವನ್ನು ಉರು ಹೊಡೆದ ಮಕ್ಕಳು ಪರೀಕ್ಷೆಯ ದಿನ ಅದನ್ನು ನಿರರ್ಗಳವಾಗಿ ಒಪ್ಪಿಸುತ್ತಿದ್ದರು. ಬೇರೊಂದು ಪುಸ್ತಕವನ್ನು ಕೊಟ್ಟರೆ ತಡವರಿಸುತ್ತಿದ್ದರು. ಕವಿಯೂ ಶಾಲಾ ತನಿಖಾಧಿಕಾರಿಯೂ ಆಗಿದ್ದ ಮ್ಯಾಥ್ಯೂ ಆರ್ನಲ್ಡನು ಈ ಯಾಂತ್ರಿಕತೆಯನ್ನು ತನ್ನ ವರದಿಗಳಲ್ಲಿ ಮತ್ತೆ ಮತ್ತೆ ಟೀಕಿಸಿದನು. ೧೮೯೦ರ ದಶಕದಲ್ಲಿ ಆ ಪದ್ಧತಿಯು ಇಂಗ್ಲೆಂಡಿನಲ್ಲಿ ಕೊನೆಗೊಂಡಿತು.

ನಮ್ಮ ನಾಡಿಗೂ ಇದರ ಸೋಂಕು ತಗುಲದೆ ಹೋಗಲಿಲ್ಲ. ಮದರಾಸು ಮತ್ತು ಮುಂಬಯಿ ಆಧಿಪತ್ಯಗಳಲ್ಲಿ ೧೮೬೦ರ ದಶಕದಿಂದ ಫಲಾನುಸಾರ ಅನುದಾನದ ಕ್ರಮವು ಬಳಕೆಗೆ ಬಂದಿತು. ಬಳ್ಳಾರಿ, ದಕ್ಷಿಣ ಕನ್ನಡಗಳು ಅಂದು ಮದರಾಸಿಗೂ, ಧಾರವಾಡ, ಬೆಳಗಾವಿ, ಬಿಜಾಪುರಗಳು ಮುಂಬಯಿಗೂ ಸೇರಿದ್ದವೆಂಬುದು ವಾಚಕರಿಗೆ ವಿದಿತವೇ ಆಗಿದೆ. ೧೮೮೨ರ ಹಂಟರ್ ಆಯೋಗದ ಚರ್ಚೆಗಳಲ್ಲಿಯೂ ಈ ಪದ್ಧತಿಗೆ ಪ್ರಮುಖ ಸ್ಥಾನವಿದ್ದಿತು. ಆದುದರಿಂದ ೨೦೦೪ರ ಯೋಜನೆಯನ್ನು ರೂಪಿಸಿದವರಿಗೆ ಪೂರ್ವದೃಷ್ಟಾಂತದ ಕೊರತೆಯಿತ್ತೆಂದು ಹೇಳುವಂತಿಲ್ಲ. ಆ ದೃಷ್ಟಾಂತವು ಬೇರೊಂದು ಇಲಾಖೆಯ ಕಡತಗಳಲ್ಲಿ ಉಳಿದುಹೋಗಿದ್ದಿತು.

೩. ತಲೆಯೆಣಿಕೆಯಿಂದ ಗುರಿಸಾಧನೆಯೆಡೆಗೆ

ಬ್ರಿಟನ್ನಿನ ಕುಟುಂಬ ವೈದ್ಯನಿಗೂ ಸರ್ಕಾರಕ್ಕೂ ಹಣಕಾಸಿನ ಸಂಬಂಧ ಏರ್ಪಟ್ಟಿದ್ದು ಲಾಯ್ಡ್ ಜಾರ್ಜನ ೧೯೧೧ರ ರಾಷ್ಟ್ರೀಯ ವಿಮಾ ಶಾಸನದಿಂದ. ವಿಮೆ ಪಡೆದ ಕಾರ್ಮಿಕರು ವೈದ್ಯನ ಪಟ್ಟಿಗೆ ಸೇರುತ್ತಿದ್ದರು. ವೈದ್ಯನಿಗೆ ತಲೆಗಿಷ್ಟೆಂದು ವಾರ್ಷಿಕ ಸಂಭಾವನೆ ಸಲ್ಲುತ್ತಿತ್ತು. ಕಾರ್ಮಿಕನ ಹೆಂಡತಿ ಮಕ್ಕಳು ಮಾತ್ರ ಆ ವ್ಯವಸ್ಥೆಯ ಹೊರಗೆ ಉಳಿದಿದ್ದರು. ೧೯೪೮ರ ಜುಲೈ ೫ರಂದು ಅನ್ಯೂರಿನ್ ಬೆವನ್ನನ ನೇತೃತ್ವದಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆ ಪ್ರಾರಂಭವಾದಾಗ ಈ ತಲೆಯೆಣಿಕೆಯ ಕ್ರಮವು ಎಲ್ಲ ಪ್ರಜೆಗಳಿಗೂ ವ್ಯಾಪಿಸಿತು. ಸಂಬಳದ ನೌಕರರಾಗಲು ವೈದ್ಯರು ಒಪ್ಪಲಿಲ್ಲ. ಸೇವೆಗೆ ಕರಾರು ಮಾಡಿಕೊಂಡ ಸ್ವತಂತ್ರ ವೃತ್ತಿಗರಾಗಿಯೇ ಅವರು ಉಳಿದರು.

ಈ ಸ್ವಾತಂತ್ರ್ಯದ ಇನ್ನೊಂದು ಮುಖವನ್ನು ೧೯೫೦ರಲ್ಲಿ ಜೋಸೆಫ್ ಕಾಲಿಂಗ್ಸ್ ಎಂಬ ಆಸ್ಟ್ರೇಲಿಯದ ವೈದ್ಯನು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಯಲಿಗಿಟ್ಟನು. ಅವನು ಕಂಡ ಅನೇಕ ವೈದ್ಯಾಲಯಗಳು ಇಕ್ಕಟ್ಟಾಗಿದ್ದವು, ಕೊಳಕಾಗಿದ್ದವು. ರೋಗಿಯನ್ನು ಸರಿಯಾಗಿ ಪರೀಕ್ಷಿಸಲು ಬೇಕಾದ ಸಲಕರಣೆಗಳೂ ಅಲ್ಲಿರಲಿಲ್ಲ. ಚೆನ್ನಾಗಿ ದುಡಿಯುವವನಿಗೂ ಉದಾಸೀನನಿಗೂ ತಲೆಯೆಣಿಕೆಯ ಸಂಭಾವನೆ ಒಂದೇ ಆಗಿದ್ದಿತು; ವೈದ್ಯಾಲಯವನ್ನು ಉತ್ತಮಪಡಿಸಿದವನ ಕೈಯಿಂದ ಹಣ ವೆಚ್ಚವಾಗುತ್ತಿತ್ತೇ ಹೊರತು ಮರಳಿ ಬರುತ್ತಿರಲಿಲ್ಲ. ೧೯೬೬ರ ಕರಾರು ಈ ದೋಷವನ್ನು ಬಹುಮಟ್ಟಿಗೆ ತಿದ್ದಿತು. ಸಹಾಯಕ ಸಿಬ್ಬಂದಿಯ ವೇತನದ ೭೦ ಪಾಲನ್ನು ಸರ್ಕಾರವೇ ಭರಿಸಿತು.

ಫಲಾನುಸಾರ ಸಂಭಾವನೆಯ ಮೊದಲ ಹೆಜ್ಜೆ ಬಿದ್ದದ್ದು ೧೯೯೦ರಲ್ಲಿ. ಆ ವರ್ಷದ ಕರಾರಿನಂತೆ, ಪಟ್ಟಿಯಲ್ಲಿರುವ ಮಕ್ಕಳಲ್ಲಿ ನೂರಕ್ಕೆ ೭೦ ಹಾಗೂ ೯೦ ಮಂದಿಗೆ ರೋಗನಿರೋಧಕ ಲಸಿಕೆ ಹಾಕಿಸಿದ ವೈದ್ಯನಿಗೂ, ಸ್ತ್ರೀಯರಲ್ಲಿ ನೂರಕ್ಕೆ ೫೦ ಹಾಗೂ ೮೦ ಮಂದಿಗೆ ಗರ್ಭಕೊರಳಿನ ಅರ್ಬುದದ ಮುನ್ಸೂಚನೆಯ ಪರೀಕ್ಷೆ ಮಾಡಿಸಿದ ವೈದ್ಯನಿಗೂ ಎರಡು ಹಂತಗಳಲ್ಲಿ ವಿಶೇಷ ಹಣ ಗೊತ್ತಾಯಿತು. ಇದೇ ಕರಾರಿನಲ್ಲಿ ಆರೋಗ್ಯ ಪ್ರಚಾರದ ಒಂದೊಂದು ಶಿಬಿರಕ್ಕೂ ಇಷ್ಟೆಂದು ಶುಲ್ಕವಿದ್ದಿತು. ಶಿಬಿರಗಳು ಅಳತೆ ಮೀರಿ ಹೆಚ್ಚಿದವು, ವೆಚ್ಚವೂ ಏರಿತು. ೧೯೯೩ರಲ್ಲಿ ಆ ಶುಲ್ಕದ ಕ್ರಮವನ್ನು ಬದಲಿಸಬೇಕಾಯಿತು. ಮುಂದೆ ನಡೆಯಬಹುದಾದುದರ ಸೂಚನೆ ಇಲ್ಲಿಯೇ ಇದ್ದಿತು.

೪. ೨೦೦೪ರ ಯೋಜನೆ

೨೦೦೦ದ ಸುಮಾರಿಗೆ ಬ್ರಿಟನ್ನಿನ ಸರ್ಕಾರವು ಆರೋಗ್ಯ ಸೇವೆಗೆ ಹೆಚ್ಚಿನ ಹಣ ನೀಡಲು ಸಂಕಲ್ಪಿಸಿತು. ಕುಟುಂಬ ವೈದ್ಯರ ವರಮಾನವನ್ನು ಹೆಚ್ಚಿಸಬೇಕು, ಅದಕ್ಕೆ ಪ್ರತಿಯಾಗಿ ಗುಣಮಟ್ಟದ ಖಾತರಿಯನ್ನೂ ಪಡೆಯಬೇಕು ಎಂಬುದು ಅದರ ಆಶಯ. ವೈದ್ಯರು ೨೦೦೩ರಲ್ಲಿ ಬಹುಮತದಿಂದ ಒಪ್ಪಿದ ಹೊಸ ಕರಾರು ೨೦೦೪ರ ಏಪ್ರಿಲ್ ತಿಂಗಳಿನಿಂದ ಜಾರಿಗೆ ಬಂದಿತು. ಅದರ ಹೃದಯಭಾಗವೇ ‘ಕ್ವಾಲಿಟಿ ಅಂಡ್ ಔಟ್‌ಕಮ್ಸ್ ಫ್ರೇಮ್‌ವರ್ಕ್’. ನಾವು ಅದನ್ನು ಗುಣಫಲ ಯೋಜನೆಯೆಂದು ಕರೆಯೋಣ.

ಯೋಜನೆಯಲ್ಲಿ ಒಟ್ಟು ೧೪೬ ಸೂಚಕಗಳೂ ೧,೦೫೦ ಅಂಕಗಳೂ ಇದ್ದವು. ಮಧುಮೇಹ, ಉಬ್ಬಸ, ಹೃದ್ರೋಗ, ಅಧಿಕ ರಕ್ತದೊತ್ತಡ ಮೊದಲಾದ ಹತ್ತು ದೀರ್ಘಕಾಲದ ವ್ಯಾಧಿಗಳಿಗೆ ಸಂಬಂಧಿಸಿದ ೭೬ ಸೂಚಕಗಳಿಗೆ ೫೫೦ ಅಂಕಗಳು ಮೀಸಲಾಗಿದ್ದವು. ಉಳಿದವು ಆಡಳಿತ, ರೋಗಿಗಳ ಅನುಭವ ಮುಂತಾದವಕ್ಕೆ. ರೋಗಿಯ ರಕ್ತದ ಒತ್ತಡವನ್ನು ನೋಡಿದ್ದೀರಾ, ಅದು ೧೫೦/೯೦ ಅಥವಾ ಅದಕ್ಕಿಂತ ಕೆಳಗಿದೆಯೇ, ಧೂಮಪಾನಿಗೆ ಬುದ್ಧಿವಾದ ಹೇಳಿದ್ದೀರಾ ಎಂಬ ಬಗೆಯ ಪ್ರಶ್ನೆಗಳಿಗೆ ವೈದ್ಯಾಲಯದ ಕಂಪ್ಯೂಟರು ಉತ್ತರ ಕೊಡುತ್ತಿತ್ತು; ಅಂಕಗಳಿಗೆ ಅನುಗುಣವಾಗಿ ಹಣ ಸಂದಾಯವಾಗುತ್ತಿತ್ತು. ಚಿಕಿತ್ಸೆಯನ್ನು ಒಲ್ಲದವರನ್ನೂ, ಅದು ಹಿತವಲ್ಲದ ಅತಿವೃದ್ಧರನ್ನೂ ಲೆಕ್ಕದಿಂದ ಬಿಡಲು ವೈದ್ಯನಿಗೆ ಅವಕಾಶವಿದ್ದಿತು. ಈ ಅಪವಾದದ ನಿಯಮವು ವಿವೇಕಯುತವಾದದ್ದೇ; ಅದಿಲ್ಲದಿದ್ದರೆ ಅಂಕಕ್ಕಾಗಿ ರೋಗಿಯ ಮೇಲೆ ಬಲವಂತ ನಡೆಯಬಹುದಾಗಿತ್ತು. ಆದರೆ ಲೆಕ್ಕದ ಛೇದವನ್ನು ಕುಗ್ಗಿಸುವ ಅಧಿಕಾರವೂ ಇದರಿಂದ ಹಣ ಪಡೆಯುವವನ ಕೈಯಲ್ಲಿಯೇ ಉಳಿಯಿತು.

೫. ಎಣಿಸಿದ ಫಲ, ಎಣಿಸದ ಲಾಭ

ವೈದ್ಯರು ನೂರಕ್ಕೆ ೭೫ರಷ್ಟು ಅಂಕಗಳನ್ನು ಗಳಿಸಬಹುದೆಂದು ಸರ್ಕಾರ ಅಂದಾಜು ಮಾಡಿದ್ದಿತು. ಮೊದಲ ವರ್ಷವೇ ಇಂಗ್ಲೆಂಡಿನ ವೈದ್ಯಾಲಯಗಳು ಸರಾಸರಿ ನೂರಕ್ಕೆ ೯೧ರಷ್ಟನ್ನು ಗಳಿಸಿದವು. ಯೋಜನೆಯ ವೆಚ್ಚ ವರ್ಷಕ್ಕೆ ಸುಮಾರು ೧೦೦ ಕೋಟಿ ಪೌಂಡುಗಳ ಮಟ್ಟಕ್ಕೆ ಮುಟ್ಟಿತು. ವೈದ್ಯರು ಅಷ್ಟು ಶೀಘ್ರವಾಗಿ ಸುಧಾರಿಸಿದರೇ, ಅಥವಾ ಅವರು ಮೊದಲೇ ಮಾಡುತ್ತಿದ್ದುದನ್ನು ಈಗ ಬರೆದಿಡತೊಡಗಿದರೇ?

ಈ ಪ್ರಶ್ನೆಗೆ ಭಾಗಶಃ ಉತ್ತರವನ್ನು ಸ್ಟೀಫನ್ ಕ್ಯಾಂಪ್‌ಬೆಲ್ ಮತ್ತು ಸಂಗಡಿಗರು ೨೦೦೯ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಾಣಬಹುದು. ಅವರು ೪೨ ವೈದ್ಯಾಲಯಗಳನ್ನು ೧೯೯೮ರಿಂದ ೨೦೦೭ರವರೆಗೆ ಹಲವು ಬಾರಿ ಪರಿಶೀಲಿಸಿದ್ದರು. ಯೋಜನೆ ಬರುವ ಮೊದಲೇ ಚಿಕಿತ್ಸೆಯ ಗುಣಮಟ್ಟ ಏರುಮುಖವಾಗಿದ್ದಿತು. ಯೋಜನೆ ಬಂದಾಗ ಮಧುಮೇಹ ಮತ್ತು ಉಬ್ಬಸಗಳಲ್ಲಿ ಆ ಏರಿಕೆ ಇನ್ನಷ್ಟು ವೇಗ ಪಡೆಯಿತು. ಗುರಿಯನ್ನು ಮುಟ್ಟಿದ ಮೇಲೆ ವೇಗ ತಗ್ಗಿತು.

ಅನಪೇಕ್ಷಿತ ಪರಿಣಾಮಗಳೆಲ್ಲವೂ ಅನಿಷ್ಟವೇ ಆಗಿರಬೇಕಿಲ್ಲ. ಬಡವರ ಬಡಾವಣೆಗಳ ವೈದ್ಯಾಲಯಗಳು ಈ ಸ್ಪರ್ಧೆಯಲ್ಲಿ ಹಿಂದುಳಿದು, ಸಿರಿವಂತರ ಬಡಾವಣೆಗಳವು ಹಣವನ್ನು ಬಾಚಿಕೊಳ್ಳುವುವೆಂದು ಅನೇಕರು ಭಯಪಟ್ಟಿದ್ದರು. ನಡೆದದ್ದು ಇದಕ್ಕೆ ವಿಪರೀತ. ಟಿಮ್ ಡೊರನ್ ಮತ್ತು ಸಂಗಡಿಗರು ೨೦೦೮ರಲ್ಲಿ ತೋರಿಸಿದಂತೆ, ಅತ್ಯಂತ ಬಡ ಹಾಗೂ ಅತ್ಯಂತ ಅನುಕೂಲಸ್ಥ ಪ್ರದೇಶಗಳ ಸಾಧನೆಯ ನಡುವಣ ಅಂತರವು ಮೊದಲ ವರ್ಷ ನೂರಕ್ಕೆ ೪ರಷ್ಟಿದ್ದುದು ಮೂರನೆಯ ವರ್ಷಕ್ಕೆ ೦.೮ಕ್ಕೆ ಇಳಿಯಿತು. ಈ ಲಾಭವನ್ನು ಯಾವ ವಿಮರ್ಶಕನೂ ಅಲ್ಲಗಳೆಯಲಾಗದು. ಕಾಲಿಂಗ್ಸನು ಕಂಡಿದ್ದ ಕತ್ತಲೆಯ ಕೋಣೆಗಳನ್ನು ನೆನೆದರೆ, ಪ್ರತಿಯೊಬ್ಬ ಮಧುಮೇಹಿಯನ್ನೂ ಹೆಸರಿಟ್ಟು ಕರೆದು ಪರೀಕ್ಷಿಸುವ ವ್ಯವಸ್ಥೆಯು ಸಾಮಾನ್ಯ ಸಾಧನೆಯಲ್ಲ.

೬. ಎಣಿಸದ ಹಾನಿಗಳು

ಇನ್ನು ಹಾನಿಗಳ ವಿಚಾರ. ಮೊದಲನೆಯದಾಗಿ, ಸೂಚಕವಿಲ್ಲದ ಕೆಲಸವು ಹಿಂದೆ ಬಿದ್ದಿತು. ಕ್ಯಾಂಪ್‌ಬೆಲ್ಲರ ಅಧ್ಯಯನದಲ್ಲಿ ಉಬ್ಬಸ ಹಾಗೂ ಹೃದ್ರೋಗಗಳ ಚಿಕಿತ್ಸೆಯಲ್ಲಿ ಹಣಕ್ಕೆ ಸಂಬಂಧಿಸದ ಅಂಶಗಳ ಗುಣಮಟ್ಟ ಇಳಿದಿತ್ತು. ಡೊರನ್ನರ ೨೦೧೧ರ ಅಧ್ಯಯನವೂ ಸಂಭಾವನೆಯಿಲ್ಲದ ಕೆಲಸಗಳು ಹಳೆಯ ಗತಿಯಲ್ಲಿ ಮುಟ್ಟಬೇಕಾಗಿದ್ದ ಮಟ್ಟವನ್ನು ಮುಟ್ಟಲಿಲ್ಲವೆಂದು ತೋರಿಸಿತು. ಲೋನ ಸಂಹಿತೆಯಲ್ಲಿ ಭೂಗೋಳಕ್ಕೆ ಆದ ಗತಿಯೇ ಇಲ್ಲಿ ಇವಕ್ಕೂ ಆಯಿತು.

ಎರಡನೆಯದಾಗಿ, ರೋಗಿಗೂ ಅವನ ವೈದ್ಯನಿಗೂ ಇದ್ದ ನಿರಂತರ ಸಂಬಂಧ ಸಡಿಲವಾಯಿತು. ತಮ್ಮ ಪರಿಚಯದ ವೈದ್ಯನನ್ನೇ ಕಾಣುವುದು ಮೊದಲಿನಷ್ಟು ಸಾಧ್ಯವಾಗುತ್ತಿಲ್ಲವೆಂದು ೨೦೦೪ರ ಅನಂತರ ರೋಗಿಗಳು ತಿಳಿಸಿದರು. ಇದಕ್ಕೆ ಗುಣಫಲ ಯೋಜನೆಯೊಂದೇ ಕಾರಣವೆನ್ನುವುದು ಆತುರದ ಮಾತಾದೀತು. ಅದೇ ಕರಾರು ವೈದ್ಯರನ್ನು ರಾತ್ರಿಯ ಮತ್ತು ವಾರಾಂತ್ಯದ ಹೊಣೆಯಿಂದ ಬಿಡುಗಡೆ ಮಾಡಿದ್ದಿತು. ಆದರೂ ಸೂಚಕಗಳಿಗೆ ಬೇಕಾದ ನಿಯತವಾದ ಪರೀಕ್ಷೆಗಳು ದಾದಿಯರ ಕೈಗೆ ಹಂಚಿಹೋದುವು. ಯಾವ ವೈದ್ಯ ನೋಡಿದರೂ ಅಂಕ ಒಂದೇ ಆಗಿದ್ದಿತು. ಒಂದು ಮನೆತನದ ಮೂರು ತಲೆಮಾರುಗಳನ್ನು ಬಲ್ಲ ವೈದ್ಯನ ತಿಳಿವಳಿಕೆಗೆ ೧,೦೫೦ ಅಂಕಗಳಲ್ಲಿ ಪ್ರತ್ಯೇಕ ಬೆಲೆಯಿರಲಿಲ್ಲ.

ಮೂರನೆಯದಾಗಿ, ಗುರಿಯ ಅಕ್ಷರವನ್ನು ಪಾಲಿಸಿ ಆಶಯವನ್ನು ಕೈಬಿಡುವ ಉಪಾಯಗಳು ಹುಟ್ಟಿಕೊಂಡವು. ರೋಗಿಯು ೪೮ ಗಂಟೆಗಳೊಳಗೆ ಕುಟುಂಬ ವೈದ್ಯನನ್ನು ಕಾಣುವಂತಾಗಬೇಕೆಂದು ೨೦೦೦ದ ಆರೋಗ್ಯ ಸೇವಾ ಯೋಜನೆ ಗೊತ್ತುಮಾಡಿದ್ದಿತು. ೨೦೦೪ರ ಕರಾರಿನಲ್ಲಿ ಅದಕ್ಕೂ ೫೦ ಅಂಕಗಳಿದ್ದವು. ಕೆಲವು ವೈದ್ಯಾಲಯಗಳು ಎರಡು ದಿನಗಳಿಗಿಂತ ಮುಂಚಿತವಾಗಿ ಸಮಯ ಕೊಡುವುದನ್ನೇ ನಿಲ್ಲಿಸಿಬಿಟ್ಟವು. ಮುಂದಿನ ವಾರಕ್ಕೆ ಸಮಯ ಕೇಳುವ ಮುದುಕಿಯೂ ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ದೂರವಾಣಿಗಾಗಿ ಕಾದು ಕೂಡಬೇಕಾಯಿತು. ೨೦೦೫ರ ಚುನಾವಣೆಯ ಕಾಲದಲ್ಲಿ ದೂರದರ್ಶನದ ಒಂದು ಸಭೆಯಲ್ಲಿ ಮಹಿಳೆಯೊಬ್ಬಳು ಇದನ್ನು ಪ್ರಧಾನಮಂತ್ರಿ ಟೋನಿ ಬ್ಲೇರರ ಮುಂದಿಟ್ಟಾಗ ಅವರು ಅಚ್ಚರಿಗೊಂಡರು. ಸಭೆಯಲ್ಲಿದ್ದ ಇತರರು ತಮಗೂ ಹಾಗೆಯೇ ಆಗಿದೆಯೆಂದರು.

ನಾಲ್ಕನೆಯದು ನಮ್ಮ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು: ದಾಖಲೆಯೇ ವಾಲಿತು. ರಕ್ತದ ಒತ್ತಡದ ಗುರಿ ೧೫೦ ಎಂದಾದ ಬಳಿಕ, ದಾಖಲಾದ ಅಳತೆಗಳಲ್ಲಿ ೧೫೦ಕ್ಕೆ ತುಸು ಕೆಳಗಿನ ಸಂಖ್ಯೆಗಳು ಅಸಹಜವಾಗಿ ಗುಂಪುಗೂಡಿದುದನ್ನು ಸಂಶೋಧಕರು ಗುರುತಿಸಿದರು. ಜನರ ರಕ್ತನಾಳಗಳಿಗೆ ಕರಾರಿನ ಕಲಮುಗಳು ತಿಳಿದಿರಲು ಸಾಧ್ಯವಿಲ್ಲ. ಇದನ್ನು ಸುಳ್ಳು ಬರೆವಣಿಗೆಯೆಂದೇ ತೀರ್ಮಾನಿಸಬೇಕಾಗಿಲ್ಲ. ಅಳತೆ ಹೆಚ್ಚಾಗಿ ಬಂದರೆ ರೋಗಿಯನ್ನು ಸ್ವಲ್ಪ ಹೊತ್ತು ಕೂರಿಸಿ ಮತ್ತೆ ನೋಡುವುದು, ಕಡಮೆ ಬಂದುದನ್ನು ಬರೆಯುವುದು, ಮುಳ್ಳು ಎರಡು ಗೆರೆಗಳ ನಡುವೆ ನಿಂತರೆ ಕೆಳಗಿನದನ್ನು ಆರಿಸುವುದು — ಪ್ರಾಮಾಣಿಕನೂ ಅರಿವಿಲ್ಲದೆಯೇ ಹೀಗೆ ಮಾಡಬಹುದು. ಅಂತೆಯೇ ೨೦೦೬ರಲ್ಲಿ ಮಧುಮೇಹಿಗಳಿಗೂ ಹೃದ್ರೋಗಿಗಳಿಗೂ ಖಿನ್ನತೆಯನ್ನು ಕುರಿತ ಎರಡು ಪ್ರಶ್ನೆಗಳನ್ನು ಕೇಳಬೇಕೆಂಬ ಸೂಚಕ ಸೇರಿತು. ಮನಸ್ಸು ಕುಗ್ಗಿದೆಯೇ ಎಂಬ ಪ್ರಶ್ನೆ ಕಾಲಿನ ಪರೀಕ್ಷೆಗೂ ತೂಕದ ಯಂತ್ರಕ್ಕೂ ನಡುವಣ ಒಂದು ಚೌಕವಾಯಿತು. ಕೇಳಿದುದಕ್ಕೆ ಗುರುತು ಬೀಳುತ್ತಿತ್ತು, ಹೇಗೆ ಕೇಳಿದರೆಂಬುದಕ್ಕೆ ಗುರುತಿನ ಸ್ಥಳವಿರಲಿಲ್ಲ.

೭. ಹಣ ನಿಂತಾಗ ಕಂಡದ್ದು

೨೦೧೪ರಲ್ಲಿ ಯೋಜನೆಯನ್ನು ಕಿರಿದುಗೊಳಿಸಿ ಅನೇಕ ಸೂಚಕಗಳನ್ನು ತೆಗೆದುಹಾಕಲಾಯಿತು. ಇದರಿಂದ ಸಂಶೋಧಕರಿಗೆ ಅಪೂರ್ವವಾದ ಅವಕಾಶ ಒದಗಿತು. ಹಾಗೆ ತೆಗೆದ ೧೨ ಸೂಚಕಗಳನ್ನು ೨,೮೧೯ ವೈದ್ಯಾಲಯಗಳಲ್ಲಿ ಪರಿಶೀಲಿಸಿದ ಅಧ್ಯಯನವೊಂದು ೨೦೧೮ರಲ್ಲಿ ಪ್ರಕಟವಾಯಿತು. ಅಧಿಕ ರಕ್ತದೊತ್ತಡದ ರೋಗಿಗಳಿಗೆ ಜೀವನಕ್ರಮದ ಬಗ್ಗೆ ಬುದ್ಧಿವಾದ ಹೇಳಿದುದರ ದಾಖಲೆಯು ಒಂದೇ ವರ್ಷದಲ್ಲಿ, ನಿರೀಕ್ಷಿತ ಮಟ್ಟಕ್ಕಿಂತ, ನೂರರಲ್ಲಿ ೬೨ ಅಂಶಗಳಷ್ಟು ಕುಸಿಯಿತು. ಆದರೆ ಥೈರಾಯ್ಡ್ ಗ್ರಂಥಿಯ ರಕ್ತಪರೀಕ್ಷೆಯ ದಾಖಲೆ ಕುಸಿದದ್ದು ೧೨ ಅಂಶಗಳಷ್ಟು ಮಾತ್ರ.

ಈ ಎರಡು ಸಂಖ್ಯೆಗಳ ಅಂತರವನ್ನು ವಾಚಕರು ಗಮನಿಸಬೇಕು. ರಕ್ತಪರೀಕ್ಷೆಯ ಫಲಿತಾಂಶವು ಪ್ರಯೋಗಶಾಲೆಯಿಂದ ತಾನಾಗಿಯೇ ಕಂಪ್ಯೂಟರಿಗೆ ಬರುತ್ತದೆ. ಬುದ್ಧಿವಾದವು ಯಾರಾದರೂ ಬರೆದರೆ ಮಾತ್ರ ದಾಖಲಾಗುತ್ತದೆ. ಮೊದಲನೆಯದರ ಕುಸಿತವು ಕೆಲಸವೇ ಕಡಮೆಯಾದುದರ ಸೂಚನೆ. ಎರಡನೆಯದರಲ್ಲಿ ಬುದ್ಧಿವಾದ ನಿಂತಿತೇ, ಬರೆಯುವುದು ನಿಂತಿತೇ, ಅಥವಾ ಹಿಂದೆ ಬರೆದಿದ್ದುದೆಲ್ಲ ನಿಜವಾಗಿಯೂ ಹೇಳಿದ್ದೇ ಎಂಬುದನ್ನು ದಾಖಲೆಯ ಒಳಗಿನಿಂದ ನಿರ್ಣಯಿಸಲಾಗದು. ದಾನಶಾಸನವೊಂದು ದಾನಿಯನ್ನು ಹೊಗಳಿದರೆ ಅದನ್ನು ಹೊಗಳಿಕೆಯೆಂದೇ ಎಣಿಸಿ, ಭೂಮಿಯ ಎಲ್ಲೆಕಟ್ಟನ್ನು ಹೇಳುವ ಭಾಗಕ್ಕೆ ಹೆಚ್ಚು ಬೆಲೆ ಕೊಡುವುದು ನಮ್ಮ ಶಾಸ್ತ್ರದ ವಾಡಿಕೆ. ಹಣಕ್ಕಾಗಿ ಬರೆದ ವೈದ್ಯಕೀಯ ದಾಖಲೆಗೂ ಇದೇ ಎಚ್ಚರಿಕೆ ಅಗತ್ಯ. ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟರು ೧೯೭೫ರಲ್ಲಿ ಹಣಕಾಸಿನ ನೀತಿಯನ್ನು ಕುರಿತು, ನಿಯಂತ್ರಣದ ಸಾಧನವಾಗಿ ಬಳಸಿದ ಅಂಕಿ ತನ್ನ ಹಳೆಯ ಅರ್ಥವನ್ನು ಕಳೆದುಕೊಳ್ಳುತ್ತದೆಂಬ ಅಭಿಪ್ರಾಯವನ್ನು ಮಂಡಿಸಿದ್ದರು; ಇಲ್ಲಿ ನಡೆದದ್ದೂ ಅದೇ.

ದಾಖಲೆಯನ್ನು ಬಿಟ್ಟು ಸಾವಿನ ಲೆಕ್ಕವನ್ನು ನೋಡೋಣವೆಂದರೆ, ಬ್ರಿಟನ್ನನ್ನು ಇತರ ಶ್ರೀಮಂತ ರಾಷ್ಟ್ರಗಳೊಡನೆ ಹೋಲಿಸಿ ೨೦೧೬ರಲ್ಲಿ ಪ್ರಕಟವಾದ ಅಧ್ಯಯನವು ಯೋಜನೆಯಿಂದ ಮರಣ ಪ್ರಮಾಣದಲ್ಲಿ ಗಣನೀಯವಾದ ವ್ಯತ್ಯಾಸವನ್ನು ಕಾಣಲಿಲ್ಲ. ಅದೇ ವರ್ಷ ಸ್ಕಾಟ್ಲೆಂಡು ಯೋಜನೆಯನ್ನು ಕೈಬಿಟ್ಟಿತು. ಇಂಗ್ಲೆಂಡಿನಲ್ಲಿ ಅದು ಬಹಳ ಸಣ್ಣದಾಗಿ ಮುಂದುವರಿಯಿತು.

೮. ಉಪಸಂಹಾರ

ಹಾಗಾದರೆ ಅಳತೆಯೇ ಬೇಡವೆ? ಹಾಗೆನ್ನಲು ಇತಿಹಾಸ ಎಡೆಗೊಡುವುದಿಲ್ಲ. ದಕ್ಷಿಣ ವೇಲ್ಸಿನ ಗ್ಲಿನ್‌ಕೊರುಗ್ ಎಂಬ ಗಣಿ ಹಳ್ಳಿಯಲ್ಲಿ ೧೯೬೦ರ ದಶಕದಿಂದ ಸೇವೆ ಸಲ್ಲಿಸಿದ ಡಾ. ಜೂಲಿಯನ್ ಟ್ಯೂಡರ್ ಹಾರ್ಟರು ತಮ್ಮ ಪಟ್ಟಿಯ ವಯಸ್ಕರೆಲ್ಲರ ರಕ್ತದ ಒತ್ತಡವನ್ನೂ ಅಳೆಯಲು ತೊಡಗಿದಾಗ ಅಂಥ ಒಂದೊಂದು ಅಳತೆಗೂ ಅಂಕಗಳಿರಲಿಲ್ಲ. ವೈದ್ಯಸೇವೆಯ ಅಗತ್ಯ ಎಲ್ಲಿ ಹೆಚ್ಚೋ ಅಲ್ಲಿಯೇ ಅದು ದುರ್ಲಭವೆಂಬ ಅವರ ೧೯೭೧ರ ನಿರೂಪಣೆ ಪ್ರಸಿದ್ಧವಾದದ್ದು. ತಮ್ಮ ೨೫ ವರ್ಷಗಳ ಕೆಲಸವನ್ನು ಅವರು ೧೯೯೧ರಲ್ಲಿ ಪ್ರಕಟಿಸಿದಾಗ, ನೆರೆಯ ಹಳ್ಳಿಗಿಂತ ತಮ್ಮ ಹಳ್ಳಿಯಲ್ಲಿ ಮರಣ ಪ್ರಮಾಣ ಕಡಮೆಯಾಗಿದ್ದುದನ್ನು ತೋರಿಸಿದರು. ಅವರು ಅಳೆದದ್ದು ತಮ್ಮ ಕೆಲಸದ ಕುಂದನ್ನು ತಾವೇ ತಿಳಿಯುವುದಕ್ಕಾಗಿ; ಅಳತೆ ಹೆಚ್ಚು ಬಂದರೆ ಅದನ್ನು ಮರೆಮಾಚುವುದರಿಂದ ಅವರಿಗೆ ಪ್ರಯೋಜನವೇನೂ ಇರಲಿಲ್ಲ. ಒಬ್ಬ ಅಸಾಧಾರಣ ವೈದ್ಯನ ನಿಷ್ಠೆಯನ್ನು ಇಡೀ ದೇಶದ ನೀತಿಗೆ ತಳಹದಿಯಾಗಿ ಮಾಡಲಾಗದೆಂಬ ಆಕ್ಷೇಪಣೆ ಸಾಧುವಾದದ್ದೇ. ಕಾಲಿಂಗ್ಸನು ವರ್ಣಿಸಿದ ವೈದ್ಯಾಲಯಗಳೂ ನಿಷ್ಠೆಯನ್ನು ನಂಬಿ ಬಿಟ್ಟವುಗಳೇ ಆಗಿದ್ದವು.

ಆದುದರಿಂದ ನಮ್ಮ ನಿರ್ಣಯ ಮಿತವಾದದ್ದು. ಎಣಿಕೆಗೆ ಸುಲಭವಾಗಿ ಸಿಕ್ಕುವ, ಬೇರೆ ಮೂಲದಿಂದ ತಾಳೆ ನೋಡಬಹುದಾದ ಕೆಲಸಗಳಿಗೆ ಹಣದ ಪ್ರೇರಣೆ ಉಪಯುಕ್ತ. ಬಡ ಪ್ರದೇಶಗಳಿಗೆ ಒದಗಿದ ಲಾಭವೇ ಅದಕ್ಕೆ ಸಾಕ್ಷಿ. ಆದರೆ ಕೆಲಸ ಮಾಡುವವನೇ ದಾಖಲೆ ಬರೆಯುವವನೂ, ಆ ದಾಖಲೆಯಿಂದ ಹಣ ಪಡೆಯುವವನೂ ಆದಾಗ, ಹಣ ಕೊಡುವವನಿಗೆ ಕೆಲಸವನ್ನು ಕಾಣಲು ಇದ್ದ ಕಿಟಕಿಯೇ ಮಸುಕಾಗುತ್ತದೆ. ೧೮೬೨ರ ತನಿಖಾಧಿಕಾರಿಗೆ ಕಡೆಯ ಪಕ್ಷ ಬೇರೊಂದು ಪುಸ್ತಕವನ್ನು ಮಗುವಿನ ಕೈಗಿತ್ತು ಓದಿಸುವ ಅವಕಾಶವಿದ್ದಿತು. ಫಲಾನುಸಾರ ಸಂಭಾವನೆಯನ್ನು ಎಲ್ಲಿಯೇ ಜಾರಿಗೆ ತರಲಿ, ಹಣದ ಸಂಬಂಧವಿಲ್ಲದ ಅಂಥ ಎರಡನೆಯ ಪುಸ್ತಕವೊಂದನ್ನು ಮೊದಲೇ ಸಿದ್ಧಪಡಿಸಿಕೊಂಡಿರುವುದು ಅವಶ್ಯ. ಮುಂದಿನ ಸಂಶೋಧಕರು ಸತ್ಯವನ್ನು ಅರಸಿ ಬಂದಾಗ ಅವರಿಗೂ ಅದೇ ಆಧಾರವಾಗುತ್ತದೆ.